ಇಲ್ಲಿ ಕೇಳಿ

ನಮ್ಮ ಮನೆಯಲ್ಲಿದ್ದ ‘ನಿತ್ಯೋತ್ಸವ’ ಕ್ಯಾಸೆಟ್ಟಿನಲ್ಲಿ ಒಂದು ಜಾಗ ಬಂದಾಗ ದನಿ ಅಲುಗುತ್ತಿತ್ತು. ಅದು ಹಾಡಿದವರ ತಪ್ಪಲ್ಲ. ಅಪ್ಪ ಅಷ್ಟನ್ನೇ ಹಿಂದಕ್ಕೆ ಸುತ್ತಿ ಸುತ್ತಿ ಕೇಳಿ, ಟೇಪು ಅಲ್ಲಿ ಮಾತ್ರ ಸವೆದುಹೋಗಿತ್ತು. ಹಾಡು ಚೆನ್ನಾಗಿದೆ ಎಂದು ಅವರು ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಮನೆಗೆ ಬಂದವರನ್ನು ಕೂರಿಸಿಕೊಂಡು, ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ಬೆರಳೆತ್ತಿ, “ಇಲ್ಲಿ ಕೇಳಿ” ಎನ್ನುತ್ತಿದ್ದರು.

ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಆ ಕ್ಯಾಸೆಟ್ಟು ಬಂದದ್ದು 1978ರಲ್ಲಿ. ಕನ್ನಡದ ಭಾವಗೀತೆ ಕ್ಯಾಸೆಟ್ಟಿನೊಳಗೆ ಕೂತು ಮನೆಮನೆಗೆ ಹೋದದ್ದು ಅಲ್ಲಿಂದಲೇ ಶುರು. ಅಪ್ಪ ಅನಂತಸ್ವಾಮಿಯವರ ಪಕ್ಷ. ಸೋದರಮಾವ ಸಿ. ಅಶ್ವಥ್ ಪಕ್ಷ. ಹಬ್ಬಕ್ಕೆ ಮಾವ ಬಂದರೆಂದರೆ ಊಟದೆಲೆ ಎತ್ತುವ ಮೊದಲೇ ವಾದ ಹತ್ತಿಕೊಳ್ಳುತ್ತಿತ್ತು.

“ಭಾವಾ, ಅಶ್ವಥ್ ದನಿ ಎತ್ತಿದರೆ ಮೈ ಜುಂ ಅನ್ನುತ್ತೆ.”

“ಜುಂ ಅನ್ನಲಿ ಕಣಯ್ಯ. ಕವಿ ಏನು ಹೇಳ್ದ ಅನ್ನೋದು ಕೇಳಿಸ್ತಾ? ಅನಂತಸ್ವಾಮಿಯವರಲ್ಲಿ ಮಾತು ಕಿವಿಗೆ ಬೀಳೋ ತನಕ ರಾಗ ಕಾಯ್ತದೆ. ನೋಡು, ಇಲ್ಲಿ ಕೇಳು.”

ಮಾವ ಸುಮ್ಮನಿರುವವರಲ್ಲ. ತಮ್ಮ ಚೀಲದಿಂದ ಶಿಶುನಾಳ ಶರೀಫರ ಪದಗಳ ಕ್ಯಾಸೆಟ್ ತೆಗೆದು, ಕೋಡಗವನ್ನು ಕೋಳಿ ನುಂಗುವ ಪದ ಹಾಕಿ, “ಈ ಒಗಟನ್ನ ಮೆಲ್ಲಗೆ ಹಾಡೋಕಾಗುತ್ತಾ ಭಾವಾ, ನೀವೇ ಹೇಳಿ” ಎನ್ನುತ್ತಿದ್ದರು. ಇಬ್ಬರೂ ಸಂಗೀತ ಕಲಿತವರಲ್ಲ. ಆದರೆ ಇಬ್ಬರಿಗೂ ಬೆರಳಿಟ್ಟು ತೋರಿಸಲು ಒಂದು ಜಾಗವಿತ್ತು. ಕವಿತೆ ಎಲ್ಲಿ ಮುಗಿಯುತ್ತದೆ, ಹಾಡು ಎಲ್ಲಿ ಶುರುವಾಗುತ್ತದೆ ಎನ್ನುವುದನ್ನು ಪುಸ್ತಕ ಓದುವ ಮೊದಲೇ ನಾನು ಆ ಜಗಳದಲ್ಲಿ ಕಲಿತೆ.

ಅಜ್ಜನಿಗೆ ಇಬ್ಬರೂ ಹಿಡಿಸುತ್ತಿರಲಿಲ್ಲ. ಅವರ ಪಾಲಿಗೆ ಹಾಡುಗಾರರೆಂದರೆ ಪಿ. ಕಾಳಿಂಗರಾಯರು, ಜೊತೆಗೆ ಮೋಹನಕುಮಾರಿ, ಸೋಹನಕುಮಾರಿ. “ನಿಮ್ಮವರು ಎಳೀತಾರೆ” ಎನ್ನುತ್ತಿದ್ದರು. ಈ ಮಾತಿನ ಹಿಂದಿನ ನಿಜ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅಜ್ಜ ಕೇಳಿ ಬೆಳೆದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಹಾಡು ಅಷ್ಟರಲ್ಲಿ ಬಂದು ಹೋಗಬೇಕು. ಕ್ಯಾಸೆಟ್ಟು ಹಾಡಿಗೆ ಕಾಲು ಚಾಚಲು ಜಾಗ ಕೊಟ್ಟಿತು. ಒಂದು ಸಾಲನ್ನು ನಾಲ್ಕು ಬಗೆಯಲ್ಲಿ ತಿರುಗಿಸಿ ಹಾಡಬಹುದಾಯಿತು. ಅಜ್ಜನ ಕಿವಿ ಮೂರು ನಿಮಿಷಕ್ಕೆ ಪಳಗಿತ್ತು, ಮಾವನದು ಅರ್ಧ ಗಂಟೆಯ ಮಗ್ಗುಲಿಗೆ. ಯಾವ ದನಿ ಇಷ್ಟ ಎಂದು ನಾವು ಎದೆ ತಟ್ಟಿ ಹೇಳುವಾಗ, ನಾವು ಕೇಳಿ ಬೆಳೆದ ಯಂತ್ರವೂ ನಮ್ಮೊಳಗಿಂದ ಮಾತಾಡುತ್ತಿರುತ್ತದೆ.

ಕೇಳುಗರ ಈ ಪಕ್ಷಪಾತ ಸಣ್ಣದೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಆದರೆ ಅದನ್ನು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ ಅಶ್ವಥ್ ಅವರ ಧಾಟಿಯಲ್ಲೋ ಎನ್ನುವುದು ಬಹುಕಾಲ ಹರಿಯಲಿಲ್ಲ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಆದೇಶಿಸಿತು. ಅದು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. 2024ರಲ್ಲಿ ಅರ್ಜಿ ವಜಾ ಆಯಿತು. ಅಪ್ಪ ಇದ್ದಿದ್ದರೆ ಅವತ್ತು ಬೆಳಿಗ್ಗೆಯೇ ಮಾವನಿಗೆ ಫೋನು ಹೋಗುತ್ತಿತ್ತು. ಆದೇಶ ಸಭೆಗೆ ಬೇಕು, ಒಪ್ಪುತ್ತೇನೆ. ಮಾವ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾ ಗುನುಗುವುದು ಮಾತ್ರ ಈಗಲೂ ಅಶ್ವಥ್ ಧಾಟಿಯನ್ನೇ.

ಇವತ್ತು ನನಗೆ ಸಂಕಟವಾಗುವುದು ಜಗಳ ಹೆಚ್ಚಾಯಿತೆಂದಲ್ಲ, ಜಾಗ ತೋರಿಸುವವರು ಕಡಿಮೆಯಾದರೆಂದು. ಎಷ್ಟು ಕೋಟಿ ಜನ ನೋಡಿದರು ಎನ್ನುವುದೇ ಅಭಿಪ್ರಾಯವಾಗಿಬಿಟ್ಟಿದೆ. ಪಲ್ಲವಿ ಹಿಡಿಸದಿದ್ದರೆ ಬೆರಳು ಮುಂದಿನ ಹಾಡಿಗೆ ಹಾರುತ್ತದೆ. ಕ್ಯಾಸೆಟ್ಟಿನಲ್ಲಿ ಹಾಗೆ ಹಾರುವುದು ಸುಲಭವಿರಲಿಲ್ಲ. ಎರಡು ಮೆಚ್ಚಿನ ಹಾಡುಗಳ ನಡುವೆ ಒಂದು ಬೇಡದ್ದು ಇದ್ದರೆ ಅದನ್ನೂ ಕೇಳಲೇಬೇಕು. ‘ಮೈಸೂರು ಮಲ್ಲಿಗೆ’ಯ ಹಾಡುಗಳಲ್ಲಿ ನನಗೆ ಹುಡುಗನಾಗಿದ್ದಾಗ ಸಪ್ಪೆ ಎನಿಸಿದವು, ಮದುವೆಯಾಗಿ ಹೆಂಡತಿ ಮೊದಲ ಸಲ ತವರಿಗೆ ಹೋದ ವಾರ ಬೇರೆಯೇ ಆಗಿ ಕೇಳಿಸಿದವು. ನಡುವಿನ ವರ್ಷಗಳಲ್ಲಿ ಅವು ಒತ್ತಾಯಕ್ಕಾದರೂ ಕಿವಿಗೆ ಬಿದ್ದಿದ್ದರಿಂದ ತಾನೇ ಅವತ್ತು ನೆನಪಾದದ್ದು?

ಮಗಳಿಗೆ ಹತ್ತೊಂಬತ್ತು. ಅವಳು ರಘು ದೀಕ್ಷಿತ್ ಪಕ್ಷ. ಗಿಟಾರಿನ ಜೊತೆ ಶರೀಫರ ಪದವೇ ಎಂದು ನಾನು ಒಂದು ದಿನ ಮುಖ ಸಿಂಡರಿಸಿದೆ. ಹಾವೇರಿ ಕಡೆಯ ಗೆಳೆಯನೊಬ್ಬ ಪಕ್ಕದಲ್ಲಿದ್ದ. “ನಿಮ್ಮ ಅಶ್ವಥ್ ಹಾಡಿದಾಗ ನಮ್ಮ ಅಜ್ಜಾರೂ ಹಿಂಗ ಮಾರಿ ಮಾಡಿದ್ರು ನೋಡ್ರಿ” ಎಂದ. ಅವನೂರಿನ ಭಜನೆಯಲ್ಲಿ ಆ ಪದಗಳಿಗೆ ಏಕತಾರಿ, ದಪ್ಪು, ತಾಳ ಬಿಟ್ಟರೆ ಬೇರೇನೂ ಬೇಕಿಲ್ಲ. ಅಲ್ಲಿ ಹಾಡುವವರು ಕೇಳುಗರಿಗೆ ಬೆನ್ನು ಮಾಡಿ ಕೂತರೂ ನಡೆಯುತ್ತದೆ. ನಾನು ಶರೀಫರನ್ನು ಮೊದಲು ಕೇಳಿದ್ದು ಕ್ಯಾಸೆಟ್ಟಿನಲ್ಲಿ. ಅವನು ಅಜ್ಜನ ತೊಡೆಯ ಮೇಲೆ.

ಮಗಳು ವಾದಕ್ಕೆ ಇಳಿಯಲಿಲ್ಲ. ಕಿವಿಯೊಳಗಿನ ಇಯರ್‌ಫೋನಿನಲ್ಲಿ ಒಂದನ್ನು ತೆಗೆದು ನನಗೆ ಕೊಟ್ಟಳು. ಗುಡುಗುಡಿ ಪದ. ಸ್ವಲ್ಪ ಕೇಳಿಸಿ, ಹಿಂದಕ್ಕೆ ತಂದು, ಮತ್ತೆ ಹಾಕಿದಳು. “ಇಲ್ಲಿ ಅಪ್ಪಾ, ದನಿಯಲ್ಲಿ ನಗು ಇದೆ.”

ನನಗೆ ಸಿಗಲಿಲ್ಲ. ಇನ್ನೊಂದು ಸಲ ಹಾಕು ಎಂದೆ.