ಆಢಾವೆ ಪತ್ರಿಕೆಯಲ್ಲಿ ಕಾಣದ ಹೊಣೆ

ಕೃಷಿ ಮಾರುಕಟ್ಟೆಯ ಪ್ರಾಂಗಣದಲ್ಲಿ ರೈತನೂ ವರ್ತಕನೂ ಒಂದೇ ತಕ್ಕಡಿಯನ್ನು ನಂಬುತ್ತಾರೆ. ತಕ್ಕಡಿ ವರ್ತಕನದೇ ಆಗಿದ್ದರೂ ಅದರ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವುದರಿಂದ ವ್ಯವಹಾರ ಜಗಳವಿಲ್ಲದೆ ಮುಗಿಯುತ್ತದೆ. ಕಾರ್ಖಾನೆಯಿಂದ ಹೊರಬೀಳುವ ನೀರಿನ ವಿಷಯದಲ್ಲಿ ಮಾತ್ರ ಇಂತಹ ಉಭಯಸಮ್ಮತವಾದ ತಕ್ಕಡಿ ಇನ್ನೂ ರೂಢಿಗೆ ಬಂದಿಲ್ಲ. ಕಾರ್ಖಾನೆಯ ವರದಿಯನ್ನು ಊರಿನವರು ನಂಬುವುದಿಲ್ಲ. ಊರಿನವರ ದೂರನ್ನು ಕಾರ್ಖಾನೆ ಒಪ್ಪುವುದಿಲ್ಲ. ಈ ಅಪನಂಬಿಕೆಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಎರಡು ಪ್ರಕರಣಗಳು ಲೆಕ್ಕಸಮೇತ ತೋರಿಸಿಕೊಟ್ಟಿವೆ. ಒಂದು ವಿದೇಶದ್ದು, ಇನ್ನೊಂದು ಸ್ವದೇಶದ್ದು.

ಫ್ಲಿಂಟ್ ನಗರದ ಪಾಠ

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ 2014ರ ವೇಳೆಗೆ ಸುಮಾರು 1 ಲಕ್ಷ ಜನಸಂಖ್ಯೆಯಿದ್ದ ಕೈಗಾರಿಕಾ ನಗರ. ಮೋಟಾರು ಉದ್ಯಮ ಕುಗ್ಗಿದ ಮೇಲೆ ಬಡತನಕ್ಕೆ ಸಿಲುಕಿದ ಈ ಊರಿನ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನಾಂಗದವರು. ಹಣಕಾಸಿನ ಮುಗ್ಗಟ್ಟಿನಿಂದಾಗಿ ನಗರದ ಆಡಳಿತವು ರಾಜ್ಯ ಸರ್ಕಾರ ನೇಮಿಸಿದ ಅಧಿಕಾರಿಯ ಕೈಸೇರಿತ್ತು. ಉಳಿತಾಯದ ಉದ್ದೇಶದಿಂದ 2014ರ ಏಪ್ರಿಲ್‌ನಲ್ಲಿ, ಡೆಟ್ರಾಯಿಟ್‌ನಿಂದ ಪಡೆಯುತ್ತಿದ್ದ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರನ್ನು ನಲ್ಲಿಗಳಿಗೆ ಹರಿಸಲಾಯಿತು. ನೀರು ಕೊಳವೆಗಳನ್ನು ಕೊರೆಯದಂತೆ ಬೆರೆಸಬೇಕಾಗಿದ್ದ ಫಾಸ್ಫೇಟ್ ಲವಣವನ್ನು ಬೆರೆಸಲಿಲ್ಲ. ಅದಕ್ಕೆ ತಗಲುತ್ತಿದ್ದ ವೆಚ್ಚ ದಿನಕ್ಕೆ 100 ಡಾಲರ್ ಆಸುಪಾಸು ಎಂಬ ಅಂದಾಜು ನಂತರ ಪ್ರಕಟವಾಯಿತು. ಪರಿಣಾಮವಾಗಿ ಹಳೆಯ ಕೊಳವೆಗಳಲ್ಲಿದ್ದ ಸೀಸವು ಕುಡಿಯುವ ನೀರಿಗೆ ಇಳಿಯಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು, ಎಂಜಿನ್ ಭಾಗಗಳಿಗೆ ತುಕ್ಕು ಹಿಡಿಯುತ್ತದೆಂಬ ಕಾರಣಕ್ಕೆ ಆ ನೀರಿನ ಬಳಕೆಯನ್ನು ತನ್ನ ಘಟಕದಲ್ಲಿ ನಿಲ್ಲಿಸಿತು. ಯಂತ್ರಕ್ಕೆ ಒಗ್ಗದ ನೀರನ್ನು ಊರಿನ ಮಕ್ಕಳು ಮತ್ತೊಂದು ವರ್ಷ ಕುಡಿದರು. ನೀರು ಸುರಕ್ಷಿತವಾಗಿದೆ ಎಂಬುದೇ ಅಧಿಕಾರಿಗಳ ಉತ್ತರವಾಗಿತ್ತು.

ಆಗ ಲೀಆನ್ ವಾಲ್ಟರ್ಸ್ ಎಂಬ ಗೃಹಿಣಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರನ್ನು ಸಂಪರ್ಕಿಸಿದರು. 2015ರ ಆಗಸ್ಟ್‌ನಲ್ಲಿ ಅವರ ತಂಡವು ಪರೀಕ್ಷೆಗಾಗಿ 300 ಪೆಟ್ಟಿಗೆಗಳನ್ನು ಕಳುಹಿಸಿತು. ನಿವಾಸಿಗಳು ಮನೆಮನೆಗೆ ತಿರುಗಿ, ತಂಡ ವಿಧಿಸಿದ ಕ್ರಮದಂತೆಯೇ ಮಾದರಿಗಳನ್ನು ತುಂಬಿಸಿ, 250ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಹಿಂದಿರುಗಿಸಿದರು. ಶೇ. 10ಕ್ಕಿಂತ ಹೆಚ್ಚು ಮನೆಗಳ ನೀರಿನಲ್ಲಿ ಸೀಸದ ಪ್ರಮಾಣವು ಕ್ರಮ ಕೈಗೊಳ್ಳಬೇಕಾದ ಮಿತಿಯಾದ ಶತಕೋಟಿಗೆ 15 ಭಾಗವನ್ನು ಮೀರಿತ್ತು. ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು ಮಕ್ಕಳ ವೈದ್ಯೆ ಡಾ. ಮೋನಾ ಹನ್ನಾ-ಅಟಿಶಾ ಆಸ್ಪತ್ರೆಯ ದಾಖಲೆಗಳಿಂದ ತೋರಿಸಿದರು. ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್ ನೀರು ಮರಳಿ ಬಂದಿತು. 2021ರಲ್ಲಿ ನ್ಯಾಯಾಲಯ ಅನುಮೋದಿಸಿದ ಪರಿಹಾರದ ಮೊತ್ತ 62.6 ಕೋಟಿ ಡಾಲರ್.

ನಿವಾಸಿಗಳಿಲ್ಲದೆ ಎಂಜಿನಿಯರರಿಗೆ ಯಾವ ಮನೆಯ ನೀರು ಕೆಟ್ಟಿದೆಯೆಂಬುದು ತಿಳಿಯುತ್ತಿರಲಿಲ್ಲ. ಎಂಜಿನಿಯರರಿಲ್ಲದಿದ್ದರೆ ನಿವಾಸಿಗಳ ಬಳಿ ಇರುತ್ತಿದ್ದುದು ದೂರು ಮಾತ್ರ, ಪುರಾವೆಯಲ್ಲ. ಮುಂದೆ 2018ರಲ್ಲಿ ಕೆಲವು ನಿವಾಸಿಗಳು ಅದೇ ಪ್ರಾಧ್ಯಾಪಕರ ವರ್ತನೆಯ ವಿರುದ್ಧ ಬಹಿರಂಗ ಪತ್ರ ಬರೆದರೆಂಬುದನ್ನೂ ಮರೆಯುವಂತಿಲ್ಲ. ತಜ್ಞನು ಜನರ ಜೊತೆಗಾರನಾಗಿರಬೇಕೇ ಹೊರತು ಅವರ ಪರವಾಗಿ ತಾನೊಬ್ಬನೇ ಮಾತನಾಡುವವನಾಗಬಾರದು.

ಬಿಚ್ರಿಯ ಬಡ್ಡಿ

ಫ್ಲಿಂಟ್‌ನಲ್ಲಿ ತಪ್ಪಿದ್ದು ಆಡಳಿತ. ಉದ್ಯಮವೇ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಚ್ರಿ ಗ್ರಾಮ ಸಾಕ್ಷಿ. ಬಣ್ಣದ ತಯಾರಿಕೆಗೆ ಬೇಕಾದ ಎಚ್-ಆಮ್ಲವನ್ನು ಅಲ್ಲಿನ ಘಟಕಗಳು ಉತ್ಪಾದಿಸಿದ್ದು ಅಲ್ಪಕಾಲ ಮಾತ್ರ. ಆದರೆ ತೆರೆದ ಜಾಗದಲ್ಲಿ ಸುರಿದ ವಿಷಕಾರಿ ರಾಡಿಯ ಅಂಶ ಅಂತರ್ಜಲಕ್ಕಿಳಿದು ಸುತ್ತಲ ಬಾವಿಗಳ ನೀರು ಕುಡಿಯಲಾಗಲೀ ಬೇಸಾಯಕ್ಕಾಗಲೀ ಬಾರದಂತಾಯಿತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸ್ಥಳಕ್ಕೆ ಹೋಗಿ ಮಣ್ಣು, ನೀರುಗಳನ್ನು ಪರೀಕ್ಷಿಸಿ ವರದಿ ನೀಡಿದರು. ಮಾಲಿನ್ಯ ಮಾಡಿದವನೇ ಅದರ ವೆಚ್ಚ ಭರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ನಿಗದಿಯಾದ ಮೊತ್ತ 37.385 ಕೋಟಿ ರೂಪಾಯಿ.

ಉದ್ಯಮವು ಹಣ ಕಟ್ಟದೆ ಅರ್ಜಿಯ ಮೇಲೆ ಅರ್ಜಿ ಸಲ್ಲಿಸುತ್ತ ಹೋಯಿತು. 2011ರ ಜುಲೈನಲ್ಲಿ ನ್ಯಾಯಾಲಯವು 1997ರ ನವೆಂಬರ್‌ನಿಂದ ಶೇ. 12ರ ಚಕ್ರಬಡ್ಡಿ ಸೇರಿಸಿ ಪಾವತಿಸಲು ಆದೇಶಿಸಿತು. ವ್ಯಾಜ್ಯದ ಖರ್ಚೆಂದು 10 ಲಕ್ಷ ರೂಪಾಯಿಯನ್ನೂ ವಿಧಿಸಿತು. ಶೇ. 12ರ ಚಕ್ರಬಡ್ಡಿಯಲ್ಲಿ ಅಸಲು ಸುಮಾರು 6 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆದೇಶದ ದಿನಕ್ಕೇ ಬಾಕಿ 175 ಕೋಟಿ ರೂಪಾಯಿಯ ಆಸುಪಾಸಿಗೆ ಬೆಳೆದಿತ್ತೆಂಬುದನ್ನು ಯಾವ ಗುಮಾಸ್ತನೂ ಲೆಕ್ಕ ಹಾಕಿ ಹೇಳಬಲ್ಲ.

ಮೂರನೆಯ ಸಹಿ

1974ರ ಜಲ ಮಾಲಿನ್ಯ ನಿಯಂತ್ರಣ ಅಧಿನಿಯಮದ 21ನೆಯ ಪ್ರಕರಣದ ಪ್ರಕಾರ, ತ್ಯಾಜ್ಯ ನೀರಿನ ಮಾದರಿಯನ್ನು ಘಟಕದವರ ಸಮ್ಮುಖದಲ್ಲಿ ಎರಡು ಭಾಗ ಮಾಡಿ, ಮೊಹರು ಹಾಕಿ, ಉಭಯತ್ರರೂ ಸಹಿ ಮಾಡಬೇಕು. ವ್ಯವಸ್ಥೆ ಒಳ್ಳೆಯದೇ. ಆದರೆ ಈ ಏರ್ಪಾಡಿನಲ್ಲಿ ಮಂಡಳಿಗೂ ಘಟಕಕ್ಕೂ ಸ್ಥಾನವಿದೆ; ಆ ನೀರಿನ ಪಕ್ಕದಲ್ಲಿ ಬದುಕುವ ಗ್ರಾಮಸ್ಥರಿಗಿಲ್ಲ. ಸಂಶಯ ಹುಟ್ಟುವುದು ಅಲ್ಲಿಯೇ. ಇದನ್ನು ತುಂಬಲು ಹೊಸ ಕಾಯಿದೆ ಬೇಕಿಲ್ಲ. ಕೈಗಾರಿಕಾ ವಸಾಹತಿನ ಸಂಘವು ಗ್ರಾಮ ಪಂಚಾಯಿತಿಯನ್ನೂ ಹತ್ತಿರದ ಎಂಜಿನಿಯರಿಂಗ್ ಕಾಲೇಜನ್ನೂ ಕರೆದು, ಮೂವರ ಸಮ್ಮುಖದಲ್ಲಿ ನಿಯತವಾಗಿ ಮಾದರಿ ತೆಗೆಸಬಹುದು.

ಇದು ಬೆದರಿಕೆಗೂ ಹಣ ವಸೂಲಿಗೂ ದಾರಿ ಮಾಡಿಕೊಡುತ್ತದೆಂಬ ಭಯ ಸಣ್ಣ ಉದ್ಯಮಿಗಳಲ್ಲಿದೆ. ಭಯ ಆಧಾರರಹಿತವಲ್ಲ. ಆದುದರಿಂದಲೇ ಮಾದರಿ ತೆಗೆಯುವ ವಿಧಾನ, ಪರೀಕ್ಷಿಸುವ ಪ್ರಯೋಗಾಲಯ, ಫಲಿತಾಂಶ ಪ್ರಕಟಿಸುವ ಕ್ರಮ ಇವೆಲ್ಲವೂ ಮೊದಲೇ ಲಿಖಿತವಾಗಿ ನಿರ್ಧಾರವಾಗಬೇಕು. ಬೆದರಿಕೆ ಬೆಳೆಯುವುದು ಅಂಕಿಯಿಲ್ಲದ ಕತ್ತಲೆಯಲ್ಲಿ. ಒಂದೇ ಚರಂಡಿಗೆ ಇಪ್ಪತ್ತು ಘಟಕಗಳ ನೀರು ಸೇರುವಲ್ಲಿ, ಶುದ್ಧೀಕರಣಕ್ಕೆ ಹಣ ತೊಡಗಿಸಿದ ಪ್ರಾಮಾಣಿಕನೂ ತೊಡಗಿಸದವನೂ ಊರಿನವರ ಕಣ್ಣಿಗೆ ಒಂದೇ. ಪ್ರತಿ ಘಟಕದ ಬಾಯಲ್ಲಿ ಬೇರೆಬೇರೆಯಾಗಿ ತೆಗೆದ ಮಾದರಿಯೇ ಪ್ರಾಮಾಣಿಕನ ರಕ್ಷಣೆ. ಖರ್ಚನ್ನು ಸಂಘ ಹಂಚಿಕೊಂಡರೆ ಒಂದೊಂದು ಘಟಕದ ಮೇಲೆ ಬೀಳುವ ಭಾರವೂ ಹಗುರವಾಗುತ್ತದೆ.

ಹಿಂದಿನ ಘಟನೆಯಿಂದ ಹೊಣೆ ಹುಟ್ಟಿ, ಹಣ ಹೊರಹೋಗುವ ಸಂಭವ ಹೆಚ್ಚಾಗಿದ್ದು, ಮೊತ್ತವನ್ನು ಅಂದಾಜು ಮಾಡುವಂತಿದ್ದರೆ ಅದಕ್ಕೆ ಅವಕಾಶ ಕಲ್ಪಿಸಬೇಕೆಂದು ಲೆಕ್ಕಪತ್ರ ಮಾನದಂಡ 29 ಹೇಳುತ್ತದೆ. ತನ್ನ ನೀರನ್ನು ಎಂದೂ ಅಳೆಯದ ಘಟಕಕ್ಕೆ ಈ ಅಂದಾಜೇ ಅಸಾಧ್ಯ. ಆದರೆ ಪುಸ್ತಕದಲ್ಲಿ ಬರೆಯದ ಮಾತ್ರಕ್ಕೆ ಹೊಣೆ ಇಲ್ಲವಾಗುವುದಿಲ್ಲ. ನೆರೆಯವರ ಬಾವಿಯಲ್ಲಿ ಬಡ್ಡಿ ಸಮೇತ ಬೆಳೆಯುತ್ತಿರುತ್ತದೆ. ಇದನ್ನರಿತು ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಒಂದು ವಸಾಹತಿನಲ್ಲಾದರೂ, ಮುಂಗಾರಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಈ ಜಂಟಿ ಪರೀಕ್ಷೆಯನ್ನು ನಡೆಸಿ ನೋಡುವುದು ಉಚಿತ.