ಯಾರ ಯಾತ್ರೆಯಿಂದ ಸೋಂಕು ಹರಡುತ್ತದೆ?

2022ರ ಜನವರಿ 9, ಭಾನುವಾರ. ಕೊರೊನಾದ ಒಮಿಕ್ರಾನ್ ಅಲೆ ಏರುತ್ತಿತ್ತು, ರಾಜ್ಯದಲ್ಲಿ ವಾರಾಂತ್ಯದ ಕರ್ಫ್ಯೂ. ಬೆಂಗಳೂರಿನಲ್ಲಿ ಒಂದರಿಂದ ಒಂಬತ್ತನೇ ತರಗತಿವರೆಗೆ ಶಾಲೆ ಬಂದ್. ಛತ್ರದೊಳಗಿನ ಮದುವೆಗೆ ನೂರೇ ಜನ. ಅದೇ ದಿನ ಕನಕಪುರ ತಾಲ್ಲೂಕಿನ ಸಂಗಮದಿಂದ ಕಾವೇರಿಗೆ ಮೇಕೆದಾಟು ಅಣೆಕಟ್ಟು ಕಟ್ಟಬೇಕೆಂಬ ಕಾಂಗ್ರೆಸ್ಸಿನ ಪಾದಯಾತ್ರೆ ಜನಜಾತ್ರೆಯಾಗಿ ಹೊರಟಿತು. ಆಗ ಆಡಳಿತದಲ್ಲಿದ್ದ ಬಿಜೆಪಿಯವರು ಕೆಂಡಾಮಂಡಲವಾದರು. ಯಾತ್ರೆ ತಡೆಯಲೆಂದೇ ಕರ್ಫ್ಯೂ ಹೇರಿದ್ದಾರೆ ಎಂದು ಕಾಂಗ್ರೆಸ್ಸಿಗರು ತಿರುಗಿಬಿದ್ದರು.

ಈ ಸಿಟ್ಟು ಹಿಂದಿನ ಏಪ್ರಿಲ್‌ನಲ್ಲಿ ಎಲ್ಲಿತ್ತು? ಬೆಳಗಾವಿ, ಬಸವಕಲ್ಯಾಣ, ಮಸ್ಕಿ ಉಪಚುನಾವಣೆಗೆ ಎರಡೂ ಪಕ್ಷದವರು ಊರೂರು ಸುತ್ತಿದರು. ಬೆಳಗಾವಿ ಪ್ರಚಾರದಿಂದ ಮರಳಿದ ಮುಖ್ಯಮಂತ್ರಿ ಯಡಿಯೂರಪ್ಪನವರಿಗೇ ಮತದಾನದ ಮುನ್ನಾದಿನ ಸೋಂಕು ದೃಢಪಟ್ಟಿತು. ಚುನಾವಣಾ ಕೆಲಸಕ್ಕೆ ಹೋದ ಶಿಕ್ಷಕರು ಕೊರೊನಾ ತಗುಲಿ ಸತ್ತರು. ಅವರಿಗೆ ಬರುವುದಿಲ್ಲ ಎನ್ನುವ ಆಯ್ಕೆಯೇ ಇರಲಿಲ್ಲ.

ರೋಗದ ಭಯಕ್ಕಿಂತ ಪಕ್ಷದ ಮೇಲಿನ ಮಮತೆ ದೊಡ್ಡದಾಗಬಹುದು ಎನ್ನುವುದನ್ನು ಅಮೆರಿಕದಲ್ಲಿ ಸಂಶೋಧಕರು ಅಳೆದೇ ತೋರಿಸಿದ್ದಾರೆ. 2020ರ ಮಾರ್ಚ್‌ನಿಂದ ಮೇವರೆಗೆ ದಿನಕ್ಕೆ ಸುಮಾರು ಒಂದೂವರೆ ಕೋಟಿ ಮೊಬೈಲ್‌ಗಳ ಓಡಾಟ ನೋಡಿದಾಗ, 2016ರಲ್ಲಿ ಟ್ರಂಪ್‌ಗೆ ಹೆಚ್ಚು ಮತ ಬಿದ್ದ ಕೌಂಟಿಗಳಲ್ಲಿ ಅಂತರ ಪಾಲನೆ ಶೇ 14ರಷ್ಟು ಕಡಿಮೆಯಿತ್ತು. ಊರಲ್ಲಿ ಎಷ್ಟು ಜನರಿಗೆ ಸೋಂಕಿದೆ ಎನ್ನುವುದಕ್ಕಿಂತ ಊರು ಯಾರಿಗೆ ಓಟು ಹಾಕಿತ್ತು ಎನ್ನುವುದಕ್ಕೂ ಓಡಾಟಕ್ಕೂ ಹೆಚ್ಚು ನಂಟಿತ್ತು. 2020ರ ಏಪ್ರಿಲ್‌ನಲ್ಲಿ ಟ್ರಂಪ್, ಲಾಕ್‌ಡೌನ್‌ನಲ್ಲಿದ್ದ ಮಿಷಿಗನ್ ರಾಜ್ಯವನ್ನು ಬಿಡುಗಡೆ ಮಾಡಿ ಎಂದು ಟ್ವೀಟ್ ಮಾಡಿದ್ದರು. ದೇಶದ ಅಧ್ಯಕ್ಷರೇ ಹೀಗೆಂದ ಮೇಲೆ ಬೆಂಬಲಿಗರು ಮನೆಯಲ್ಲಿ ಕೂರುತ್ತಾರೆಯೇ?

ಇಲ್ಲೂ ನಾಯಕರು ಕಲಿಸಿದ್ದು ಅದನ್ನೇ. ಕಾವೇರಿ ನೀರಿನ ಬೇಡಿಕೆ ನ್ಯಾಯವಾದದ್ದು, ಆದರೆ ಒಮಿಕ್ರಾನ್ ಇಳಿಯುವವರೆಗೆ ಕಾಯಬಹುದಿತ್ತು. ರಾಮನಗರದಲ್ಲಿ ನಿಂತ ಯಾತ್ರೆ ಫೆಬ್ರವರಿ 27ರಂದು ಅಲ್ಲಿಂದಲೇ ಮತ್ತೆ ಹೊರಟದ್ದೇ ಅದಕ್ಕೆ ಸಾಕ್ಷಿ. ಸರ್ಕಾರದ ತಪ್ಪೂ ಸಣ್ಣದಲ್ಲ. ಕೇಸು ಹಾಕಿತೇ ಹೊರತು ತಡೆಯಲಿಲ್ಲ. ಏಕೆ ತಡೆದಿಲ್ಲ ಎಂದು ಹೈಕೋರ್ಟ್ ಕೇಳಿದ ಮೇಲಷ್ಟೇ ನಿಷೇಧದ ಆದೇಶ ಬಂತು. ಮದುವೆ ಮನೆಯವರು ನೆಂಟರನ್ನು ಕರೆಯದೆ ನಿಷ್ಠುರ ಕಟ್ಟಿಕೊಂಡರು, ಬೀದಿ ವ್ಯಾಪಾರಿ ಶನಿವಾರ, ಭಾನುವಾರದ ದುಡಿಮೆ ಕಳೆದುಕೊಂಡ. ಅವರಿಗೆ ಅನ್ವಯಿಸಿದ ನಿಯಮ ಬಾವುಟ ಹಿಡಿದವರಿಗೆ ಏಕೆ ಅನ್ವಯಿಸಲಿಲ್ಲ?

ಸೋಂಕು ಇಷ್ಟಕ್ಕೇರಿದರೆ ಸಭೆ, ಜಾತ್ರೆ, ಯಾತ್ರೆ ಯಾವುದೂ ಇಲ್ಲ ಎಂಬ ಮಿತಿಯನ್ನು ಈಗಲೇ, ರೋಗವಿಲ್ಲದ ಹೊತ್ತಿನಲ್ಲೇ, ಎಲ್ಲ ಪಕ್ಷಗಳೂ ವಿಧಾನಸಭೆಯಲ್ಲಿ ಕೂತು ಕಾನೂನು ಮಾಡಲಿ. ಅದಾಗುವವರೆಗೆ ಒಂದು ಕೋರಿಕೆ: ಮತ್ತೆ ಅಂಥ ಕಾಲ ಬಂದರೆ, ನಿಮ್ಮ ಮೆಚ್ಚಿನ ಪಕ್ಷವೇ ಮನೆ ಬಾಗಿಲಿಗೆ ಬಸ್ಸು ಕಳಿಸಿದರೂ ಹತ್ತಬೇಡಿ.