ಫಾರ್ಮ್ಯಾಟ್ ಮಾಡ್ಸೋ ಮುಂಚೆ ಒಂದ್ ಮಾತು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನೋರು ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿದ್ರಲ್ಲ, ಆವಾಗಿಂದ ಶಿಕಾರಿಪುರದ ಕಡೆ, ಸೊರಬದ ಕಡೆ ಯಾರ ಮನೆಗೆ ಹೋದ್ರೂ ಹಳೇ ಕಂಪ್ಯೂಟರಿನ ಮಾತು ಬಂದೇ ಬರ್ತೈತೆ. ಮಕ್ಳು ಕಾಲೇಜಿಗೆ ಹೋಗೋವಾಗ ತಂದಿದ್ದು. ಮಕ್ಳು ಬೆಂಗಳೂರು ಸೇರಿದ್ರು, ಮಿಷನ್ ಮನೇಲಿ ಉಳೀತು. ಈಗ ಅದ್ರಲ್ಲಿ ಅಡಿಕೆ ಲೆಕ್ಕ, ಸಂಘದ ಲೆಕ್ಕ, ಪಹಣಿ ಪಿಡಿಎಫ್‌ಗಳು, ಮದುವೆ ಫೋಟೋಗಳು ಎಲ್ಲಾ ತುಂಬಿರ್ತಾವೆ. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ ಅನ್ನೋ ಚಿಪ್ ಬೇಕಂತೈತೆ, ಇಂಟೆಲ್ ಆದ್ರೆ ಎಂಟನೇ ತಲೆಮಾರಿನ ಪ್ರೊಸೆಸರ್ ಆದ್ರೂ ಇರ್ಬೇಕಂತೈತೆ. ಹಳೇ ಮಿಷನ್ನಿಗೆ ಅದನ್ನ ಎಲ್ಲಿಂದ ತರೋದು?

ಹಂಗಾಗಿ ಅಂಗಡಿಯೋರು ಎರಡೇ ದಾರಿ ಹೇಳ್ತಾರೆ. ಹೊಸದು ತಗೊಳ್ಳಿ, ಇಲ್ಲಾ ಲಿನಕ್ಸ್ ಹಾಕ್ಕೊಡ್ತೀವಿ, ಫಾರ್ಮ್ಯಾಟ್ ಮಾಡೋಕೆ ಬಿಟ್ಟು ಹೋಗಿ, ಸಂಜೆ ಬನ್ನಿ ಅಂತ. ಎರಡನೇದು ಅಗ್ಗ ಅಂತ ಸುಮಾರು ಜನ ಹೂಂ ಅಂತಾರೆ. ನಾನು ಲಿನಕ್ಸ್ ಬ್ಯಾಡ ಅನ್ನೋಳಲ್ಲ. ಕೇರಳದ ಸರ್ಕಾರಿ ಶಾಲೆಗಳಿಗೆ ಅಲ್ಲಿನ ಕೈಟ್ ಸಂಸ್ಥೆ ಕೊಡೋದು ಉಬುಂಟು ಮೇಲೆ ಕಟ್ಟಿದ ಲಿನಕ್ಸೇ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಳೂ ಅದ್ರಲ್ಲೇ ಕಲೀತಾವೆ. ಆ ಮಕ್ಳಿಗೆ ಬರೋದು ನಮ್ಗೆ ಬರಲ್ವಾ? ನನ್ನ ತಕರಾರು ಸಂಜೆ ಬನ್ನಿ ಅನ್ನೋದ್ರ ಬಗ್ಗೆ. ಹೊಸ ಭತ್ತದ ತಳಿ ಬಂದ್ರೆ ಇಡೀ ಗದ್ದೆಗೆ ಹಾಕಲ್ಲ, ಒಂದು ಮಡಿಗೆ ಹಾಕಿ ಒಂದು ಬೆಳೆ ನೋಡ್ತೀವಿ. ಮನೆಯ ಹತ್ತು ವರ್ಷದ ಲೆಕ್ಕ ಇರೋ ಮಿಷನ್ನಿಗೆ ಅಷ್ಟೂ ತಾಳ್ಮೆ ಬ್ಯಾಡ್ವಾ?

ಆ ಒಂದು ಮಡಿ ಕಂಪ್ಯೂಟರಲ್ಲೂ ಐತೆ. ಎಮ್ಯುಲೇಟರ್ ಅಂತಾರೆ, ವರ್ಚುವಲ್ ಮಷಿನ್ ಅಂತಾರೆ. ಗೊತ್ತಿದ್ದೋರು ಎರಡಕ್ಕೂ ವ್ಯತ್ಯಾಸ ಹೇಳ್ತಾರೆ: ಎಮ್ಯುಲೇಟರ್ ಆದ್ರೆ ಪ್ರೊಸೆಸರಿನಿಂದ ಹಿಡಿದು ಎಲ್ಲಾದರ ವೇಷನೂ ತಾನೇ ಹಾಕ್ತೈತೆ, ಅದಕ್ಕೇ ನಿಧಾನ. ವರ್ಚುವಲ್ ಮಷಿನ್ ಆದ್ರೆ ನಮ್ಮ ಪ್ರೊಸೆಸರನ್ನೇ ಬಳಸ್ಕೊಂಡು ಡಿಸ್ಕು, ನೆಟ್ ಕಾರ್ಡು ಇವುಗಳ ವೇಷ ಮಾತ್ರ ಹಾಕ್ತೈತೆ. ವರ್ಚುವಲ್‌ಬಾಕ್ಸ್ ಈ ಎರಡನೇ ಜಾತಿ. ಜರ್ಮನಿಯ ಇನ್ನೋಟೆಕ್ ಅನ್ನೋ ಕಂಪನಿ 2007ರಲ್ಲಿ ಬಿಟ್ಟಿದ್ದು, ಈಗ ಒರಾಕಲ್ ಕೈಲಿ ಐತೆ, ದುಡ್ಡು ಕೊಡೋದಿಲ್ಲ. ಈಗಿರೋ ವಿಂಡೋಸ್ ಒಳಗೇ ಒಂದು ಕಿಟಕಿ ತೆರ್ಕೊಂತೈತೆ, ಆ ಕಿಟಕಿ ಒಳಗೆ ಲಿನಕ್ಸ್ ಓಡ್ತೈತೆ. ಒಳಗಿನ ಲಿನಕ್ಸ್ ತನಗೊಂದು ದೊಡ್ಡ ಡಿಸ್ಕ್ ಐತೆ ಅನ್ಕೊಂಡಿರ್ತೈತೆ, ಹೊರಗಿಂದ ನೋಡಿದ್ರೆ ಅದು ಬರೀ ಒಂದು ಫೈಲು. ಬ್ಯಾಡ ಅನ್ಸಿದ್ರೆ ಆ ಫೈಲ್ ಅಳಿಸಿದ್ರೆ ಮುಗೀತು.

ಇಲ್ಲೇ ಎಲ್ರೂ ತಿಳ್ಕೋಬೇಕಾದ್ದೊಂದು ಐತೆ. ಲಿನಕ್ಸ್ ಹಾಕೋವಾಗ ಡಿಸ್ಕನ್ನ ಪೂರ್ತಿ ಅಳಿಸಿ ಇನ್‌ಸ್ಟಾಲ್ ಮಾಡ್ಲಾ ಅಂತ ಕೇಳ್ತೈತೆ. ಕಿಟಕಿ ಒಳಗೆ ಇದ್ರೆ ಧೈರ್ಯವಾಗಿ ಹೂಂ ಅನ್ಬೋದು, ಅಳಿಯೋದು ಆ ಒಂದು ಫೈಲಿನ ಒಳಗಿನ ಖಾಲಿ ಜಾಗ. ಪೆನ್‌ಡ್ರೈವ್‌ನಿಂದ ಮಿಷನ್ ಶುರು ಮಾಡಿದಾಗ್ಲೂ ಅದೇ ಪರದೆ, ಅದೇ ಮಾತು, ಅದೇ ಬಟನ್ನು. ಆವಾಗ ಹೂಂ ಅಂದ್ರೆ ಮದುವೆ ಫೋಟೋ, ಅಡಿಕೆ ಲೆಕ್ಕ ಎಲ್ಲಾ ಹೋದಂಗೆ. ಒಳಗೆ ಹತ್ತು ಸಲ ಒತ್ತಿ ಅಭ್ಯಾಸ ಆಗಿರೋ ಕೈ ಹೊರಗೆ ಬಂದಾಗ ನಿಲ್ಬೇಕು.

ನಮ್ಮಂಥೋರಿಗೆ ಇದು ಯಾಕೆ ಬೇಕು ಅಂತ ಕೇಳ್ಬೋದು ನೀವು. ಮನೇಲಿ ಕಂಪ್ಯೂಟರ್ ಮುಂದೆ ಕೂತ್ರೆ ಸಾಕು, ಏನಾರ ಒತ್ತಿ ಹಾಳು ಮಾಡೀಯ ಅಂತ ಗಂಡಸ್ರು ಹೇಳೋದು ಕೇಳದೇ ಇರೋ ಹೆಂಗಸು ನಮ್ಮಲ್ಲಿ ಯಾರವ್ರೆ? ಆ ಹೆದ್ರಿಕೆಗೇ ಎಷ್ಟೋ ಜನ ಸಂಘದ ಲೆಕ್ಕನೂ ಪುಸ್ತಕದಲ್ಲೇ ಬರ್ದು, ಟೈಪ್ ಮಾಡೋಕೆ ಇನ್ನೊಬ್ರ ಕೈಗೆ ಕೊಡ್ತಾರೆ. ಕಿಟಕಿ ಒಳಗೆ ಹಾಳು ಮಾಡೋಕೆ ಏನೂ ಇಲ್ಲ. ಸ್ನ್ಯಾಪ್‌ಶಾಟ್ ಅಂತ ಒಂದು ಸೌಕರ್ಯ ಐತೆ, ಒತ್ತಿದ್ರೆ ಆ ಗಳಿಗೆಗೆ ಎಲ್ಲಾ ಹೆಂಗಿತ್ತೋ ಹಂಗೇ ಗುರುತು ಹಾಕಿಡ್ತೈತೆ. ಆಮೇಲೆ ಏನು ಕೆಡಿಸಿದ್ರೂ ಅದೇ ಗುರುತಿಗೆ ವಾಪಸ್ ಬರ್ಬೋದು. ಅಡುಗೇಲಿ ಈ ಸೌಕರ್ಯ ಇಲ್ಲ ನೋಡ್ರೀ, ಉಪ್ಪು ಜಾಸ್ತಿ ಆದ್ರೆ ಆಯ್ತು.

ಆದ್ರೆ ಭದ್ರ ಅನ್ನೋ ಮಾತನ್ನ ಕಣ್ಮುಚ್ಚಿ ನಂಬೋದೂ ಬ್ಯಾಡ. ಒಳಗೂ ಹೊರಗೂ ಒಂದೇ ಫೋಲ್ಡರ್ ಹಂಚ್ಕೊಳ್ಳೋ ಹಂಗೆ ಮಾಡ್ಬೋದು, ಹೊರಗೆ ಕಾಪಿ ಮಾಡಿದ್ದು ಒಳಗೆ ಅಂಟೋ ಹಂಗೂ ಮಾಡ್ಬೋದು. ಅನುಕೂಲನೇ, ಆದ್ರೆ ನಾವೇ ಬಾಗ್ಲು ತೆಗ್ದಂಗೆ. ಒಳಗೆ ಏನಾರ ಕೆಟ್ಟದ್ದು ಸೇರ್ಕೊಂಡ್ರೆ ಹಂಚ್ಕೊಂಡ ಫೋಲ್ಡರಿನ ಫೈಲುಗಳಿಗೂ ಕೈ ಹಾಕ್ತೈತೆ. ಬೇಕೇ ಬೇಕು ಅಂದ್ರೆ ಓದೋಕೆ ಮಾತ್ರ ಅಂತ ಟಿಕ್ ಹಾಕಿ. ಸ್ನ್ಯಾಪ್‌ಶಾಟನ್ನ ಬ್ಯಾಕಪ್ ಅನ್ಕೋಬ್ಯಾಡಿ, ಡಿಸ್ಕೇ ಹೋದ್ರೆ ಅದೂ ಹೋಗ್ತೈತೆ. ಇನ್ನು ನಮ್ಮ ಮಳೆಗಾಲದ ಕರೆಂಟು! ಯುಪಿಎಸ್ ಇಲ್ಲದ ಮನೇಲಿ ಮೋಡ ಕಟ್ಟಿದ್ರೆ ಒಳಗಿನದನ್ನ ಮೊದ್ಲು ಮುಚ್ಚಿ. ಮೌಸ್ ಕಿಟಕಿ ಒಳಗೇ ಸಿಕ್ಕಾಕ್ಕೊಂಡ್ರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿದ್ರೆ ಹೊರಗೆ ಬರ್ತೈತೆ, ಗಾಬರಿ ಬ್ಯಾಡ.

ಇನ್ನೊಂದು. ಒಳಗಿನ ಲಿನಕ್ಸ್ ಹೊರಗಿನ ವಿಂಡೋಸನ್ನ ಕಾಯಲ್ಲ. ಹೊರಗೆ ಕಳ್ಳ ಸಾಫ್ಟ್‌ವೇರ್ ಕೂತಿದ್ರೆ ನೀವು ಒಳಗೆ ಟೈಪ್ ಮಾಡೋ ಪಾಸ್‌ವರ್ಡೂ ಅದಕ್ಕೆ ಕಾಣ್ತೈತೆ. ಅದಕ್ಕೇ ಈ ಅಭ್ಯಾಸನ ವರ್ಷಗಟ್ಲೆ ಎಳೀಬ್ಯಾಡಿ. ಒಂದೆರಡು ತಿಂಗ್ಳು ಸಾಕು. ಅಷ್ಟ್ರಲ್ಲಿ ಕನ್ನಡ ಟೈಪಿಂಗ್ ಕೈಗೆ ಬರ್ತೈತಾ, ಎಕ್ಸೆಲ್ ಲೆಕ್ಕ ಲಿಬ್ರೆಆಫೀಸ್‌ನಲ್ಲಿ ಸರಿ ತೆರ್ಕೊಂತೈತಾ, ಪಹಣಿ ಓದೋಕೆ ಆಗ್ತೈತಾ ನೋಡ್ಕೊಳ್ಳಿ. ವೈಫೈ, ಪ್ರಿಂಟರ್ ವಿಷಯ ಮಾತ್ರ ಒಳಗೆ ಪೂರ್ತಿ ಗೊತ್ತಾಗಲ್ಲ, ಯಾಕಂದ್ರೆ ಒಳಗಿನದಕ್ಕೆ ಕಾಣೋದು ವೇಷ ಹಾಕಿದ ಕಾರ್ಡು, ನಮ್ಮ ಮಿಷನ್ನಿನ ನಿಜವಾದ ಕಾರ್ಡಲ್ಲ. ಅದಕ್ಕೆ ಕೊನೇಲಿ ಒಂದಿನ ಪೆನ್‌ಡ್ರೈವ್‌ನಿಂದ, ಇನ್‌ಸ್ಟಾಲ್ ಮಾಡದೇ, ಬರೀ ನೋಡೋಕೆ ಓಡಿಸ್ಬೇಕು.

ಅಂಗಡಿಯೋರು ಹೇಳದೇ ಇರೋ ಸಂಗತಿ ಅಂದ್ರೆ ನಮ್ಮ ಹಳೇ ನುಡಿ, ಬರಹ ಫೈಲುಗಳು. ಯೂನಿಕೋಡ್ ಬರೋಕೆ ಮುಂಚೆ ಟೈಪ್ ಮಾಡಿದ ಹಸೆ ಹಾಡು, ಸೋಬಾನೆ ಪದ, ಸಂಘದ ಠರಾವು, ಎಷ್ಟು ಮನೇಲಿ ಹಂಗೇ ಅದಾವೋ! ಆ ಫಾಂಟ್ ಇಲ್ಲದ ಕಡೆ ತೆರೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡಿಗೆ ಬದಲಾಯಿಸೋ ಸಾಧನಗಳು ಅದಾವೆ, ಆದ್ರೂ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಎಡವ್ತಾವೆ, ಮೂಲನ ಪಕ್ಕದಲ್ಲಿಟ್ಕೊಂಡು ತಿದ್ದಬೇಕು. ಮೂಲ ಇದ್ದ ಹಂಗೇ ನೋಡೋಕೆ ಹಳೇ ವಿಂಡೋಸ್ ಇದ್ರೆ ಅನುಕೂಲ. ಆವಾಗ ಇದೇ ಉಪಾಯ ತಿರುಗಿಸಿ ಹಾಕಿ: ಮಿಷನ್ನಿಗೆ ಲಿನಕ್ಸ್, ಅದರ ಕಿಟಕಿ ಒಳಗೆ ನಿಮ್ಮ ಹತ್ರ ಸೀಡಿ, ಕೀ ಇರೋ ಹಳೇ ವಿಂಡೋಸ್. ಎಕ್ಸ್‌ಪಿ ಆದ್ರೆ ಅದಕ್ಕೆ 2014ರ ಏಪ್ರಿಲ್ 8ರಿಂದಲೇ ರಕ್ಷಣೆ ನಿಂತೈತೆ, ಹಂಗಾಗಿ ಸೆಟ್ಟಿಂಗ್‌ನಲ್ಲಿ ಅದರ ನೆಟ್ ಪೂರ್ತಿ ಕಿತ್ತು ಹಾಕಿ. ಅತ್ತೆ ಹೇಳಿ ಬರೆಸಿದ ಹಾಡು ಓದೋಕೆ ಇಂಟರ್ನೆಟ್ ಏನೂ ಬ್ಯಾಡ.

ನಮ್ಮ ಮಿಷನ್ನಿಗೆ ಇದು ಆಗ್ತೈತಾ ಅಂತ ಸೊರಬದ ವಾರಗಿತ್ತಿ ಕೇಳಿದ್ಲು. 8 ಜಿಬಿ ರ‍್ಯಾಮ್ ಇದ್ರೆ ಆರಾಮ, ಒಳಗಿನದಕ್ಕೆ 4 ಕೊಡಿ, ಡಿಸ್ಕಲ್ಲಿ 30 ಜಿಬಿ ಖಾಲಿ ಇರ್ಲಿ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ, ಅವರದೇ ತಾಣದಿಂದ ಇಳಿಸ್ಕೊಳ್ಳಿ, ಯಾರೋ ಕೊಟ್ಟ ಪೆನ್‌ಡ್ರೈವ್‌ನಿಂದ ಬ್ಯಾಡ. ಎಲ್ಲಾ ಸರಿ ಇದ್ರೂ ಓಡದೇ ಹೋದ್ರೆ ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆಫ್ ಆಗಿರ್ಬೋದು, ಅದನ್ನ ಆನ್ ಮಾಡ್ಬೇಕು. ಅವಳ ಮಿಷನ್ನಿನಲ್ಲಿ ಇರೋದು 4 ಜಿಬಿ. ಒಳಗಿಂದಕ್ಕೆ 2 ಕೊಟ್ರೆ ಎರಡೂ ತೆವಳ್ತಾವೆ. ಅವಳಿಗೆ ಮೊದ್ಲು ಇನ್ನೊಂದು ರ‍್ಯಾಮ್ ಕಡ್ಡಿ ಹಾಕ್ಸು ಅಂದಿದೀನಿ, ಅಲ್ಲೀವರೆಗೆ ಫಾರ್ಮ್ಯಾಟ್ ಮಾತೇ ಬ್ಯಾಡ, ಫೋಟೋ ಎಲ್ಲಾ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡ್ತಿರು ಅಂತಾನೂ ಹೇಳಿದೀನಿ.